ಹಿಂಬಾಗಿಲು ತೆರೆದಿದೆ

ಮೊದಲಿಗೇ ಹೇಳಿಬಿಡುತ್ತೇನೆ, ಆ ಹಳೇ ಟೆಲಿಫೋನ್ ಕಂಪನಿಯನ್ನು ಬಿಟ್ಟದ್ದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ. ನನ್ನ ಜಾಗದಲ್ಲಿ ನೀವಿದ್ದರೂ ಬಿಡುತ್ತಿದ್ದಿರಿ. ಮಾನ ಇರುವ ಯಾರಿದ್ದರೂ ಬಿಡುತ್ತಿದ್ದರು.

ನಾನು ಬೀಗದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಾರಾಟಕ್ಕೆ ನಿಲ್ಲುವವನು. ನಮ್ಮ ಬೀದಿಯಲ್ಲಿ ನನ್ನನ್ನು ಬೀಗದಣ್ಣ ಅಂತಲೇ ಕರೆಯುತ್ತಾರೆ. ಗಂಭೀರವಾದ ವ್ಯಾಪಾರ. ಹೀಗಿರುವಾಗ ಆ ಕಂಪನಿಯವರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಫೋನಿಗೆ ಒಂದು ಹಾಡು ಹಾಕಿದರು. ಯಾರಾದರೂ ನನಗೆ ಫೋನ್ ಮಾಡಿದರೆ, ನಾನು ಎತ್ತುವ ತನಕ, ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಾ ತನ್ನನ್ನು ಬಿಟ್ಟು ಹೋದವಳನ್ನು ಕರೆಯುವುದು ಕೇಳಿಸುತ್ತಿತ್ತು. ನಮ್ಮ ಅಂಗಡಿಯ ಯಜಮಾನರು ಎರಡು ದಿನ ಅದನ್ನು ಕೇಳಿಸಿಕೊಂಡು, ಮೂರನೇ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಎಲ್ಲಾ ಸರಿ ಇದೆ ತಾನೇ? ಹೆಂಡತಿ ಇದ್ದಾರೆ ತಾನೇ?" ಅಂತ ಮೆಲ್ಲಗೆ ಕೇಳಿದರು. ನಾನು ಕಂಪನಿಗೆ ಮೂರು ಸಲ ದೂರು ಕೊಟ್ಟೆ. ಅವರು ಕ್ಷಮೆ ಕೇಳಿ, ಆ ಹಾಡನ್ನು ತೆಗೆದು, ಜೋಗುಳ ಹಾಕಿದರು.

ನನ್ನ ಪಿತ್ತ ನೆತ್ತಿಗೇರಿತು. ಅವತ್ತೇ ಹೊಸ ಕಂಪನಿಯ ಬಾಗಿಲಿಗೆ ಹೋದೆ.

ಕೌಂಟರಿನಲ್ಲಿದ್ದ ಮೇಡಂ ಒಳ್ಳೆಯವರು. "ಕಂಪನಿ ಬದಲಾಯಿಸಿದರೂ ಹಳೇ ನಂಬರನ್ನೇ ಇಟ್ಕೋಬಹುದು ಸಾರ್. ಅದೇ ಸಲೀಸು" ಅಂದರು.

"ಆ ಕಂಪನಿ ಕೊಟ್ಟ ಒಂದು ಸೊನ್ನೆ ಕೂಡ ನನಗೆ ಬೇಡ" ಅಂದೆ. "ಹೊಸ ನಂಬರ್ ಕೊಡಿ. ಒಂದಂಕಿಯೂ ಹಳೇದರ ಹಾಗಿರಬಾರದು."

"ಇರೋದೇ ಹತ್ತು ಅಂಕಿ ಸಾರ್. ಕೆಲವು ಬಂದೇ ಬರುತ್ತೆ."

"ಆದಷ್ಟು ಕಡಿಮೆ ಮಾಡಿ."

ಹೊಸ ನಂಬರನ್ನು ನಾನು ಎಲ್ಲರಿಗೂ ತಿಳಿಸಿದೆ. ಯಜಮಾನರಿಗೆ, ನೆಂಟರಿಗೆ, ಬ್ಯಾಂಕಿಗೆ, ಗ್ಯಾಸಿನವರಿಗೆ, ಕ್ಷೌರದ ಅಂಗಡಿಯವನಿಗೆ, ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ಷಡ್ಡಕನಿಗೆ ಕೂಡ ಒಂದು ಸಾಲಿನ ಸಂದೇಶ ಕಳಿಸಿದೆ. ನಡುಮನೆಯ ಗೋಡೆಗೆ ಬಡಿದಿದ್ದ ಅಲಾರಂ ಪೆಟ್ಟಿಗೆಗೂ ತಿಳಿಸಬೇಕಾಗಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರೂ ಹೇಳಲಿಲ್ಲ.

ಆ ಪೆಟ್ಟಿಗೆಯ ವಿಚಾರ ಸ್ವಲ್ಪ ಹೇಳಬೇಕು. ಮನೆಯಲ್ಲಿ ಇರುವವರು ನಾನು, ನನ್ನ ಹೆಂಡತಿ, ಅವಳ ಅಮ್ಮ. ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹೋಗುತ್ತಾಳೆ. ಮನೆ ಅತ್ತೆಯ ಹೆಸರಿನಲ್ಲಿದೆ. ಅದನ್ನು ನಾನು ಇಲ್ಲಿ ಹೇಳಬೇಕಾಗಿರಲಿಲ್ಲ, ಅತ್ತೆ ತಾವೇ ದಿನಕ್ಕೆ ಎರಡು ಸಲ ಹೇಳುತ್ತಾರೆ. ಅವರ ಮೊಣಕಾಲಿಗೆ ಆಪರೇಷನ್ ಆದ ಮೇಲೆ, ಹಗಲು ಒಬ್ಬರೇ ಇರುತ್ತಾರಲ್ಲ ಅಂತ ಹೆಂಡತಿ ಈ ಅಲಾರಂ ಹಾಕಿಸಿದಳು. ಮುಂಬಾಗಿಲು, ಹಿಂಬಾಗಿಲು ತೆರೆದರೆ, ಮುಚ್ಚಿದರೆ, ಅಡುಗೆಮನೆಯಲ್ಲಿ ಯಾರಾದರೂ ಓಡಾಡಿದರೆ, ಪೆಟ್ಟಿಗೆ ಫೋನ್ ಮಾಡಿ ಹೆಂಗಸಿನ ದನಿಯಲ್ಲಿ ಹೇಳುತ್ತೆ. ಅತ್ತೆಯ ಕೊರಳಿಗೆ ಒಂದು ಕೆಂಪು ಗುಂಡಿ ಕಟ್ಟಿದೆ. ಬಿದ್ದರೆ ಒತ್ತಬೇಕು. ಕರೆ ನನ್ನ ಒಬ್ಬನ ಫೋನಿಗೆ ಮಾತ್ರ. ಯಾಕೆಂದರೆ ಮನೆಯ ರಕ್ಷಣೆ ನನ್ನ ಕಸುಬು.

ನಿಜ ಹೇಳಬೇಕೆಂದರೆ ಆ ಕರೆಗಳು ಪ್ರಾಣ ಹಿಂಡುತ್ತಿದ್ದವು. ಗಿರಾಕಿಗೆ ಬೀಗ ತೋರಿಸುತ್ತಿರುವಾಗ "ಹಿಂಬಾಗಿಲು ತೆರೆದಿದೆ" ಅನ್ನುವುದು. ಕಸ ಹಾಕಲು ತೆರೆದಿರುತ್ತಾರೆ, ಇನ್ನೇನು? ನಾನು ಎತ್ತಿ, ಅರ್ಥವಾಯಿತು ಅನ್ನುವುದಕ್ಕೆ ಒಂದನೇ ಅಂಕಿ ಒತ್ತಿ, ಇಡುತ್ತಿದ್ದೆ. ಹೊಸ ಕಂಪನಿಗೆ ಬಂದ ಮೇಲೆ ಒಂದೇ ಒಂದು ಕರೆ ಬರಲಿಲ್ಲ. ಮೂರು ತಿಂಗಳು! ಬೇಡದ ಕರೆಗಳನ್ನೆಲ್ಲ ನಾವೇ ತಡೆಯುತ್ತೇವೆ ಅಂತ ಅವರ ಜಾಹೀರಾತಿನಲ್ಲಿತ್ತು. ಎಂಥಾ ಕಂಪನಿ! ನನ್ನ ಮನೆಯ ಹಿಂಬಾಗಿಲು ಕಸಕ್ಕೆ ತೆರೆದದ್ದೋ ಕಳ್ಳತನಕ್ಕೆ ತೆರೆದದ್ದೋ ಅವರೇ ನೋಡಿಕೊಂಡು, ಕಸವಾದರೆ ನನ್ನ ತನಕ ಬಿಡುತ್ತಿಲ್ಲ ಅಂತ ತಿಳಿದು ನಾನು ಅಂಗಡಿಗೆ ಬಂದವರಿಗೆಲ್ಲ ಅವರನ್ನು ಹೊಗಳಿದೆ.

ಆಮೇಲೆ ಬಂತು ಆ ಭಾನುವಾರ.

ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಔಷಧಿ ಅಂಗಡಿಯವರು ಅಧ್ಯಕ್ಷರು. ಬೀದಿಗೆ ಕಾವಲುಗಾರನನ್ನು ಇಡಬೇಕು ಅಂತ ಅವರ ಹಟ. ಕಾವಲುಗಾರ ನಿದ್ದೆ ಮಾಡುತ್ತಾನೆ, ಯಂತ್ರ ಮಾಡುವುದಿಲ್ಲ ಅಂತ ನನ್ನ ವಾದ. "ಹಾಗಾದ್ರೆ ತೋರಿಸಿ" ಅಂದರು. ತೋರಿಸುತ್ತೇನೆ ಅಂದೆ. ಮಧ್ಯಾಹ್ನ ಮೂರೂಮುಕ್ಕಾಲಿಗೆ ಹದಿನೇಳು ಜನ ನಮ್ಮ ನಡುಮನೆಯಲ್ಲಿ ಸೇರಿದರು. ನನ್ನ ಫೋನನ್ನು ಒಂದು ಸ್ಟೂಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಮನೆಯ ರಕ್ಷಣೆ ಮನುಷ್ಯನ ಮೊದಲ ಕರ್ತವ್ಯ ಅಂತ ಕಾಲು ಗಂಟೆ ಮಾತಾಡಿದೆ. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದರು.

"ಈಗ" ಅಂದೆ, "ಕಳ್ಳ ಹಿಂದಿನಿಂದ ಬರ್ತಾನೆ ಅಂತ ಇಟ್ಕೊಳ್ಳಿ."

ಹೆಂಡತಿಗೆ ಸನ್ನೆ ಮಾಡಿದೆ. ಅವಳು ಹೋಗಿ ಹಿಂಬಾಗಿಲು ತೆರೆದಳು. ಹದಿನೇಳು ಜೋಡಿ ಕಣ್ಣು ಫೋನಿನ ಮೇಲೆ.

ಫೋನು ಸುಮ್ಮನೆ ಮಲಗಿತ್ತು.

"ತೆರೆದ್ಯೇನೇ?" ಅಂತ ಕೂಗಿದೆ.

"ತೆರೆದಿದೀನಿ ರೀ!"

"ಇನ್ನೂ ಸ್ವಲ್ಪ ತೆರಿ!"

"ಇನ್ನು ತೆರೆದ್ರೆ ಬಾಗಿಲು ಕೈಗೆ ಬರುತ್ತೆ!"

ಒಂದು ನಿಮಿಷವಾಯಿತು. ಯಾರೋ ಕೆಮ್ಮಿದರು. ಅಧ್ಯಕ್ಷರು ಮುಗುಳ್ನಗುವುದಕ್ಕೆ ತುಟಿ ಸಿದ್ಧಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಫೋನು ಕಿರುಚಿತು! ನಾನು ಎರಡೂ ಕೈ ಎತ್ತಿದೆ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಒತ್ತಿದೆ.

"ಅಣ್ಣಾ, ಅಂಗಡಿ ಖಾಲಿ ಇದೆ, ಈಗ ಬಂದ್ರೆ ಕಟಿಂಗ್ ಮಾಡ್ಬಿಡ್ತೀನಿ" ಅಂದ ಕ್ಷೌರದವನು.

ಕಾವಲುಗಾರನನ್ನು ಇಡುವ ತೀರ್ಮಾನ ನನ್ನ ಮನೆಯಲ್ಲೇ, ನಾನು ತರಿಸಿದ್ದ ಬಿಸ್ಕತ್ತು ತಿನ್ನುತ್ತಲೇ, ಸರ್ವಾನುಮತದಿಂದ ಅಂಗೀಕಾರವಾಯಿತು. ಕೈ ಎತ್ತಿದವರಲ್ಲಿ ಅತ್ತೆಯೂ ಒಬ್ಬರು.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ನಾನು ಅಲಾರಂ ಕಂಪನಿಯ ಮುಂದೆ ನಿಂತಿದ್ದೆ. ಅಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಅಧಿಕಾರಿ, ಬಹಳ ಮರ್ಯಾದಸ್ಥ. ಮರ್ಯಾದೆಯಿಂದಲೇ ಮನುಷ್ಯನನ್ನು ಕೊಲ್ಲುವ ಜಾತಿ.

"ನಂಬರಿನ ಕೊನೇ ಮೂರು ಅಂಕಿ ಹೇಳಿ ಸಾರ್."

"ನಾಲ್ಕು ಒಂದು ಎಂಟು" ಅಂದೆ, ಕಣ್ಣು ಮಿಟುಕಿಸದೆ. ಹನ್ನೊಂದು ವರ್ಷ ಹೇಳಿದ ಅಂಕಿಗಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವೇ ಬರುತ್ತವೆ. ಅದರಲ್ಲಿ ನನ್ನ ತಪ್ಪೇನು?

"ಸರಿಯಾಗಿದೆ ಸಾರ್. ಭಾನುವಾರ ನಾಲ್ಕು ಗಂಟೆ ಏಳು ನಿಮಿಷಕ್ಕೆ ನಿಮಗೆ ಕರೆ ಹೋಗಿದೆ. ನೀವು ಎತ್ತಿದ್ದೀರಿ."

"ನಾನು ಎತ್ತಿಲ್ಲ."

"ಎತ್ತಿ ನಲವತ್ತು ಸೆಕೆಂಡು ಕೇಳಿದ್ದೀರಿ ಸಾರ್."

"ಅಯ್ಯಾ, ಹದಿನೇಳು ಜನ ಸಾಕ್ಷಿ ಇದ್ದಾರೆ! ಫೋನು ಸ್ಟೂಲಿನ ಮೇಲೆ ಹೆಣದ ಹಾಗೆ ಬಿದ್ದಿತ್ತು!"

"ಅರ್ಥವಾಯಿತು ಅನ್ನೋದಕ್ಕೆ ಒಂದು ಕೂಡ ಒತ್ತಿದ್ದೀರಿ ಸಾರ್. ಕಳೆದ ಆರು ವಾರದಲ್ಲಿ ಎಲ್ಲಾ ಕರೇನೂ ಎತ್ತಿದ್ದೀರಿ, ಎಲ್ಲದಕ್ಕೂ ಒಂದು ಒತ್ತಿದ್ದೀರಿ. ನಿಮ್ಮಷ್ಟು ಶ್ರದ್ಧೆ ಇರೋ ಗ್ರಾಹಕರು ನಮಗೆ ಕಡಿಮೆ."

ಹಾಗಂತ ಬರೆದುಕೊಡಿ ಅಂದೆ. ಬರೆದು, ಸೀಲು ಹಾಕಿ, ಎರಡೂ ಕೈಯಲ್ಲಿ ಕೊಟ್ಟ.

ಅಲ್ಲಿಂದ ನೇರ ಹೊಸ ಟೆಲಿಫೋನ್ ಕಂಪನಿಗೆ. ಟೋಕನ್ ಅರವತ್ತಮೂರು. ಅದೇ ಮೇಡಂ ಕಂಪ್ಯೂಟರು ನೋಡಿದರು.

"ಭಾನುವಾರ ನಾಲ್ಕು ಏಳಕ್ಕೆ ನಿಮಗೆ ಯಾವ ಕರೆಯೂ ಬಂದಿಲ್ಲ ಸಾರ್. ನಾಲ್ಕು ಒಂಬತ್ತಕ್ಕೆ ಒಂದು ಬಂದಿದೆ."

"ಅದು ನನ್ನ ತಲೆಕೂದಲಿನ ವಿಷಯ. ಬಿಡಿ. ಮೂರು ತಿಂಗಳಲ್ಲಿ ಅಲಾರಂ ಕಂಪನಿಯಿಂದ ಎಷ್ಟು ಬಂದಿದೆ?"

"ಒಂದೂ ಇಲ್ಲ."

"ಬರೆದುಕೊಡಿ!"

ಅವರೂ ಬರೆದುಕೊಟ್ಟರು. ನನ್ನ ಹಿಂದೆ ಟೋಕನ್ ಅರವತ್ತನಾಲ್ಕು ಹಿಡಿದಿದ್ದ ಮುದುಕರೊಬ್ಬರು, "ಎರಡರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ, ಬಿಡಬೇಡಿ" ಅಂತ ಹುರಿದುಂಬಿಸಿದರು. ಬಿಡುವ ಮಾತೇ ಇಲ್ಲ ಅಂದೆ.

ಮನೆಗೆ ಬಂದು ಎರಡೂ ಕಾಗದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದು ಕಾಗದದ ಪ್ರಕಾರ ಕರೆ ಹೊರಟಿದೆ, ಯಾರೋ ಎತ್ತಿದ್ದಾರೆ. ಇನ್ನೊಂದರ ಪ್ರಕಾರ ನನಗೆ ತಲುಪಿಲ್ಲ. ಅಂದರೆ ನಡುದಾರಿಯಲ್ಲಿ ಯಾರೋ ನಿಂತು ನನ್ನ ಕರೆಗಳನ್ನು ಹಿಡಿದುಕೊಳ್ಳುತ್ತಿದ್ದಾರೆ! ಮನೆಯ ಬಾಗಿಲು ಯಾವಾಗ ತೆರೆಯುತ್ತೆ, ಯಾವಾಗ ಮುಚ್ಚುತ್ತೆ ಅಂತ ಒಬ್ಬ ಕಳ್ಳನಿಗೆ ಆರು ವಾರದಿಂದ ಚಾಚೂ ತಪ್ಪದೆ ವರದಿ ಹೋಗುತ್ತಿದೆ!

ಹೆಂಡತಿ ಕಾಗದಗಳನ್ನು ನೋಡಿದಳು. "ರೀ, ನಿಮ್ಮ ಹಳೇ ನಂಬರೇನಾದ್ರೂ..."

"ಅದು ಸತ್ತು ಮೂರು ತಿಂಗಳಾಯ್ತು. ಸತ್ತವರ ಸುದ್ದಿ ಬೇಡ."

"ಅಲ್ಲ ರೀ..."

"ಇದು ನಿನ್ನ ಕಣ್ಣಾಸ್ಪತ್ರೆ ಚೀಟಿ ಅಲ್ಲ. ಇದು ರಕ್ಷಣೆ ವಿಷಯ. ನಾನು ನೋಡ್ಕೋತೀನಿ."

ಅವಳು ಹೆಗಲು ಕುಣಿಸಿ ಒಳಗೆ ಹೋದಳು. ಅತ್ತೆ ಮಾತ್ರ, "ಆ ಡಬ್ಬ ಕಿತ್ತು ಬಿಸಾಕಿ, ಮನೆ ನನ್ನ ಹೆಸರಲ್ಲಿದೆ" ಅಂದರು. ಆ ದಿನದ ಎರಡನೇ ಸಲ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು ಪೊಲೀಸ್ ಠಾಣೆಗೆ ಹೋದೆ. ತೂಕಕ್ಕೆ ಇರಲಿ ಅಂತ ಅಂಗಡಿಯ ಯಜಮಾನರನ್ನೂ ಕರೆದುಕೊಂಡು ಹೋದೆ. ಠಾಣೆಯ ಲಾಕಪ್ಪಿನ ಬೀಗ ನಮ್ಮ ಅಂಗಡಿಯದೇ. ಯಜಮಾನರು ಒಳಗೆ ಹೋದವರೇ ಮೊದಲು ಅದನ್ನು ಎಳೆದು ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಆಮೇಲೆ ಕೂತರು. ದೂರು ಬರೆದುಕೊಳ್ಳುವ ರೈಟರು ದಪ್ಪ ಕನ್ನಡಕದವರು. ನಾನು ವಿಳಾಸ ಹೇಳುತ್ತಿದ್ದಂತೆ ಪೆನ್ನು ಕೆಳಗಿಟ್ಟರು.

"ಹಸಿರು ಗೇಟಿನ ಮನೆನಾ?"

"ಹೌದು."

"ನಡುಮನೆ ಕಿಟಕಿಗೆ ಒಂದು ಗಾಜಿಲ್ಲ?"

"ಹೌದು! ನಿಮಗೆ ಹೇಗೆ ಗೊತ್ತು?"

"ಆ ಮನೆ ಬಗ್ಗೆ ಆಗಲೇ ನಾಲ್ಕು ದೂರು ಬಂದಿದೆ ಕಣ್ರೀ. ನಮ್ಮವರು ಎರಡು ಸಲ ಬಂದು ನೋಡಿಕೊಂಡೂ ಹೋಗಿದ್ದಾರೆ. ಒಬ್ಬ ಅಜ್ಜಿ ನೀರು ಕೊಟ್ಟು ಕಳಿಸಿದ್ರಂತೆ."

ಅತ್ತೆ ಇದನ್ನು ನಮಗೆ ಹೇಳಿಯೇ ಇಲ್ಲ! ಮನೆಗೆ ಎರಡು ಸಲ ಪೊಲೀಸರು ಬಂದಿದ್ದಾರೆ, ಮನೆಯ ಗಂಡಸಿಗೆ ಸುದ್ದಿಯಿಲ್ಲ!

"ಯಾರು ಕೊಟ್ಟದ್ದು ದೂರು?"

ರೈಟರು ಪುಸ್ತಕ ತಿರುವಿದರು. "ಒಬ್ಬ ನಿವೃತ್ತ ಸ್ಕೂಲ್ ಹೆಡ್‌ಮೇಡಂ. ಹಿಂಬಾಗಿಲು ದಿನಾ ಹನ್ನೊಂದಕ್ಕೆ ತೆರೆಯುತ್ತೆ, ಅಡುಗೆಮನೇಲಿ ಅಪರಿಚಿತರು ಓಡಾಡ್ತಾರೆ, ಮನೆ ಯಜಮಾನನಿಗೆ ಜವಾಬ್ದಾರಿ ಇಲ್ಲ ಅಂತ ಬರೆಸಿದ್ದಾರೆ. ಫೋನ್ ನಂಬರ್ ಇದೆ ನೋಡಿ." ಅವರು ಅಂಕಿಗಳನ್ನು ಓದತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧ ನನ್ನ ಬಾಯಿಂದ ತಾನಾಗಿ ಬಂತು. "...ನಾಲ್ಕು ಒಂದು ಎಂಟು!"

"ಗೊತ್ತಾ ಇವರು?"

"ಅದು ನನ್ನ ನಂಬರು! ನನ್ನ ನಂಬರು ಕದ್ದಿದ್ದಾರೆ! ಹಿಡೀರಿ ಅವರನ್ನ!"

ಹಿಡಿಯಬೇಕಾಗಿ ಬರಲಿಲ್ಲ. ಐದನೇ ದೂರು ಕೊಡಲು ಅವರು ಬಾಗಿಲಲ್ಲೇ ನಿಂತಿದ್ದರು. ಎತ್ತರದ ಹೆಂಗಸು, ಕೈಯಲ್ಲಿ ಕೊಡೆ, ಕಂಕುಳಲ್ಲಿ ನೀಲಿ ರಟ್ಟಿನ ಉದ್ದ ಪುಸ್ತಕ. ಅವರು ಒಳಗೆ ಬಂದದ್ದೇ ರೈಟರು ಎದ್ದು ನಿಂತರು. ಯಾಕೋ ಯಜಮಾನರೂ ಎದ್ದರು. ನಾನು ಎದ್ದಿರಲಿಲ್ಲ, ಆದರೆ ಅವರು ನೋಡಿದ ರೀತಿಗೆ ಎದ್ದುಬಿಟ್ಟೆ.

"ಇವರೇನಾ ಆ ಮನೆಯವರು?" ಅಂದರು ಹೆಡ್‌ಮೇಡಂ.

"ನಾನೇ! ನನ್ನ ನಂಬರು ನಿಮ್ಮ ಹತ್ರ ಹೇಗೆ ಬಂತು?"

"ಕಂಪನಿಯವರು ಕೊಟ್ಟರು. ನೀವು ಬಿಸಾಡಿದ್ದು."

"ನಾನು ಕಂಪನಿಯನ್ನ ಬಿಸಾಡಿದೆ, ನಂಬರನ್ನಲ್ಲ!"

"ಎರಡಕ್ಕೂ ಸಹಿ ಹಾಕಿರ್ತೀರಿ. ಓದಿ ಹಾಕಬೇಕಿತ್ತು." ಅವರು ಕುರ್ಚಿ ಎಳೆದು ಕೂತು ಪುಸ್ತಕ ಬಿಚ್ಚಿದರು. "ಆರು ವಾರದಿಂದ ನಿಮ್ಮ ಮನೆ ಕಾಯ್ತಾ ಇದೀನಿ. ಸ್ನಾನ ಬಿಟ್ಟು ಓಡಿ ಬಂದು ಫೋನ್ ಎತ್ತಿದೀನಿ. ತಪ್ಪು ನಂಬರ್ ಅಂತ ಆ ಅಲಾರಮ್ಮಿಗೆ ಎಷ್ಟು ಸಲ ಹೇಳಿದೆ. ಕೇಳಿಸ್ಕೊಳ್ಳಲ್ಲ, ಮೊಂಡು ಹುಡುಗಿ. ಕಂಪನಿಗೆ ಹೇಳಿದ್ರೆ, ಗ್ರಾಹಕರೇ ಬಂದು ಬದಲಾಯಿಸಬೇಕು ಅಂದರು. ವಿಳಾಸ ಮಾತ್ರ ಪೊಲೀಸರಿಗೆ ಕೊಟ್ಟರು. ಸರಿ, ಎಲ್ಲೋ ಒಂದು ಮನೆಯಲ್ಲಿ ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಸುಮ್ಮನಿರೋಕಾಗುತ್ತಾ? ಈಗ ನೀವು ಉತ್ತರ ಹೇಳಿ. ಹನ್ನೊಂದು ಹತ್ತರಿಂದ ಹನ್ನೊಂದೂವರೆ, ಅಡುಗೆಮನೇಲಿ ಓಡಾಡೋದು ಯಾರು?"

"ನನಗೇನು ಗೊತ್ತು? ನಾನು ಅಂಗಡೀಲಿರ್ತೀನಿ!"

"ಸರಿ. ಪ್ರತಿದಿನ ಒಂದು ಹತ್ತಕ್ಕೆ ಮುಂಬಾಗಿಲು ತೆರೆಯುತ್ತೆ. ಎರಡು ನಲವತ್ತಕ್ಕೆ ಮತ್ತೆ ತೆರೆದು ಮುಚ್ಚುತ್ತೆ. ನಡುವೆ ಒಂದು ಸದ್ದಿಲ್ಲ. ಇದು ಯಾರು?"

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆಂದರೆ ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗುತ್ತಿದ್ದರು.

"ಒಂದು ಹತ್ತರಿಂದ ಎರಡು ನಲವತ್ತು" ಅಂದರು ಯಜಮಾನರು. "ದಿನಾ ಗೋದಾಮಿನಲ್ಲಿ ಸರಕು ಎಣಿಸೋಕೆ ಹೋಗ್ತಿದ್ದ ಹೊತ್ತಲ್ವೇನಯ್ಯ ಅದು?"

"ಎಣಿಸ್ತೀನಿ ಯಜಮಾನರೇ..."

"ಎಲ್ಲಿ? ಹಾಸಿಗೆ ಮೇಲಾ?"

ಇಂಥ ಅವಮಾನ ನನ್ನ ಶತ್ರುವಿಗೂ ಬೇಡ. ಮನುಷ್ಯ ತನ್ನ ಮನೆಗೆ ತಾನು ಹೋಗಿ ಸ್ವಲ್ಪ ಹೊತ್ತು ಬೆನ್ನು ಚಾಚಿದರೆ, ಅದು ಠಾಣೆಯ ಮೇಜಿನ ಮೇಲೆ ಪುಸ್ತಕವಾಗಿ ಬಿಚ್ಚಿಕೊಳ್ಳಬೇಕೆ? ನಾನು ಮೇಜು ಗುದ್ದಿದೆ. "ಮೊದಲು ನನ್ನ ನಂಬರಿನ ವಿಚಾರ ಇತ್ಯರ್ಥ ಆಗಲಿ! ಅದು ನನ್ನ ಖಾಸಗಿ..."

ಹೆಡ್‌ಮೇಡಂ ಫೋನು ಹೊಡೆದುಕೊಂಡಿತು. ಅವರು ಎತ್ತಿ ಸ್ಪೀಕರ್ ಒತ್ತಿದರು. ಮೂರು ತಿಂಗಳ ಮೇಲೆ ಆ ಹೆಂಗಸಿನ ದನಿ ಕೇಳಿದೆ.

"ಎಚ್ಚರಿಕೆ. ಕೆಂಪು ಗುಂಡಿ ಒತ್ತಲಾಗಿದೆ. ಎಚ್ಚರಿಕೆ. ಕೆಂಪು ಗುಂಡಿ ಒತ್ತಲಾಗಿದೆ."

"ಕೊಡಿ ಇಲ್ಲಿ, ಅದು ನನಗೆ ಬಂದ ಕರೆ!" ಅಂತ ಕೈ ಚಾಚಿದೆ.

ಅವರು ಒಂದು ಒತ್ತಿ, ಫೋನು ಚೀಲಕ್ಕೆ ಹಾಕಿ, ಕೊಡೆ ಎತ್ತಿಕೊಂಡು ಆಗಲೇ ಹೊರಟಿದ್ದರು. "ಆರು ವಾರದಲ್ಲಿ ಇದು ಬಂದೇ ಇರಲಿಲ್ಲ" ಅಂದರು. "ಅಜ್ಜಿ ಬಿದ್ದಿದ್ದಾರೆ. ಜೀಪು ತೆಗೀರಿ."

ಅತ್ತೆ ಎಷ್ಟೇ ಮಾತಾಡಲಿ, ಆ ಗುಂಡಿಯನ್ನು ಒಂದು ದಿನಕ್ಕೂ ತಮಾಷೆಗೆ ಒತ್ತಿದವರಲ್ಲ. ನಾನು ಓಡಿ ಜೀಪು ಹತ್ತಿದೆ. ರೈಟರು, ಒಬ್ಬ ಕಾನ್‌ಸ್ಟೇಬಲ್, ಯಜಮಾನರು, ಹೆಡ್‌ಮೇಡಂ, ನಾನು. ಜಾಗ ಸಾಲದೆ ನಾನು ಸ್ಟೆಪ್ನಿ ಟೈರಿನ ಮೇಲೆ ಕೂತೆ.

ನಮ್ಮ ಮುಂಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು. ಹೊರಗಿನಿಂದ ಕೀ ಇಲ್ಲದೆ ತೆರೆಯುವುದಿಲ್ಲ. ಜೇಬು ತಡಕಿದೆ. ಮೇಜು ಗುದ್ದಿದ್ದು ಬಲಗೈಯಲ್ಲಿ, ಬಲಗೈಯಲ್ಲಿ ಕೀ ಗೊಂಚಲಿತ್ತು, ಅದೀಗ ಠಾಣೆಯ ಮೇಜಿನ ಮೇಲಿತ್ತು. ಒಳಗಿನಿಂದ ಅತ್ತೆಯ ಕ್ಷೀಣ ದನಿ ಕೇಳಿಸಿತು. "ಯಾರಾದ್ರೂ ಬನ್ರೋ!"

ಕಾನ್‌ಸ್ಟೇಬಲ್ ತೋಳು ಮಡಿಚಿ ಬಾಗಿಲಿಗೆ ಹೆಗಲು ಕೊಟ್ಟ. ಬಾಗಿಲು ಮಿಸುಕಲಿಲ್ಲ.

"ಆಗಲ್ಲ ರೀ" ಅಂದರು ಯಜಮಾನರು. ಅವರ ಮುಖದಲ್ಲಿ ಕಾಳಜಿಯೂ ಹೆಮ್ಮೆಯೂ ಒಟ್ಟಿಗೆ ಇದ್ದವು. "ಇದು ನಮ್ಮಂಗಡಿದು. ಏಳು ಲಿವರಿನದು."

"ಮೂರು ಕಡೆ ಹಿಡಿಯುತ್ತೆ" ಅಂದೆ ನಾನು, ಇಪ್ಪತ್ತೆರಡು ವರ್ಷದ ಅಭ್ಯಾಸ. "ಮೇಲೆ, ಕೆಳಗೆ, ನಡುವೆ."

"ಹಾರೆ ಹಾಕಿದ್ರೆ?" ಅಂದ ಕಾನ್‌ಸ್ಟೇಬಲ್.

"ಹಾರೆ ಬಗ್ಗುತ್ತೆ" ಅಂದೆವು ನಾವಿಬ್ಬರೂ ಒಟ್ಟಿಗೆ.

ಎದುರು ಮನೆಯಿಂದ ಔಷಧಿ ಅಂಗಡಿಯ ಅಧ್ಯಕ್ಷರು ಹೊರಗೆ ಬಂದರು. ಅವರ ಹಿಂದೆ ಸಂಘ ನೇಮಿಸಿದ ಹೊಸ ಕಾವಲುಗಾರ, ಕಣ್ಣುಜ್ಜಿಕೊಳ್ಳುತ್ತಾ. ಕಾನ್‌ಸ್ಟೇಬಲ್ ಮತ್ತೆರಡು ಸಲ ಹೆಗಲು ಕೊಟ್ಟು, ಹೆಗಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಒಳಗೆ ಅತ್ತೆ, "ಬದುಕಿದೀನಿ ಕಣ್ರೋ, ಭಾಷಣ ಆಮೇಲೆ ಮಾಡಿ!" ಅಂದರು.

ಹೆಡ್‌ಮೇಡಂ ಈ ಗಲಾಟೆಯಲ್ಲಿ ಇರಲೇ ಇಲ್ಲ. ಅವರು ಮೆಟ್ಟಿಲ ಕೆಳಗೆ ನಿಂತು ನೀಲಿ ಪುಸ್ತಕದ ಕೊನೆಯ ಹಾಳೆಗೆ ಬೆರಳಿಟ್ಟಿದ್ದರು.

"ಹಿಂಬಾಗಿಲು ಹನ್ನೊಂದು ನಾಲ್ಕಕ್ಕೆ ತೆರೆದಿದೆ" ಅಂದರು. "ಠಾಣೆ ಮೆಟ್ಟಿಲ ಮೇಲೆ ನಿಂತು ಬರ್ಕೊಂಡೆ. ಮುಚ್ಚಿದೆ ಅಂತ ಕರೆ ಬಂದಿಲ್ಲ."

ಅಂದವರೇ ಮನೆಯ ಪಕ್ಕದ ಓಣಿಯಲ್ಲಿ ಕೊಡೆ ಊರುತ್ತಾ ಹೋದರು. ಜೀಪಿನಲ್ಲಿ ಬಂದ ನಾವು ನಾಲ್ವರೂ ಹಿಂದೆ ಓಡಿದೆವು. ಹಿಂಬಾಗಿಲು ಹಾರು ಹೊಡೆದಿತ್ತು.

ಅತ್ತೆ ಒಲೆಯ ಕಟ್ಟೆಗೂ ಬೀರುವಿಗೂ ನಡುವೆ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸ್ಟೂಲು ಮಗುಚಿ ಬಿದ್ದಿತ್ತು. ಅವರ ತಲೆ, ಮಡಿಲು, ನೆಲ, ಎಲ್ಲಾ ಕಡೆ ಸಕ್ಕರೆ. ಡಾಕ್ಟರು ಸಕ್ಕರೆ ಮುಟ್ಟಬಾರದು ಅಂದಿದ್ದಕ್ಕೆ ಹೆಂಡತಿ ಆ ಡಬ್ಬವನ್ನು ಮೇಲಿನ ಹಲಗೆಗೆ ಏರಿಸಿದ್ದಳು. ಹಿಂದಿನ ಮನೆಯಾಕೆ ದಿನಾ ಹನ್ನೊಂದಕ್ಕೆ ಬಂದು ಡಬ್ಬ ಇಳಿಸಿಕೊಟ್ಟು, ಇಬ್ಬರೂ ಮೂರು ಮೂರು ಚಮಚ ಹಾಕಿಕೊಂಡು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಏನೂ ಆಗದವರ ಹಾಗೆ ಇರುತ್ತಿದ್ದರಂತೆ. ಅವತ್ತು ಆಕೆ ನೆಂಟರ ಮನೆಗೆ ಹೋಗಿದ್ದರು. ಅತ್ತೆ ಬಾಗಿಲು ತೆರೆದು ಕಾದು, ತಾವೇ ಸ್ಟೂಲು ಹತ್ತಿದ್ದರು.

"ಯಾರಮ್ಮಾ ನೀವು?" ಅಂದರು ಅತ್ತೆ, ಸಕ್ಕರೆಯ ನಡುವಿನಿಂದ.

"ನಿಮ್ಮ ಫೋನ್ ಎತ್ತೋಳು" ಅಂದರು ಹೆಡ್‌ಮೇಡಂ. ಪುಸ್ತಕ ಬದಿಗಿಟ್ಟು, ಮಂಡಿಯೂರಿ, ಅತ್ತೆಯ ಕಾಲನ್ನು ಮೆಲ್ಲಗೆ ಒತ್ತಿ ನೋಡಿದರು. "ಇಲ್ಲಿ ನೋವಾ? ಇಲ್ಲಾ? ಬೆರಳು ಆಡಿಸಿ. ಶಭಾಷ್. ಮೊಣಕಾಲಿಗೆ ಏನೂ ಆಗಿಲ್ಲ, ಪಾದ ಉಳುಕಿದೆ. ನೀವು ನಾಲ್ಕು ಜನ ಗಂಡಸರು ಬಾಯಿ ಬಿಟ್ಕೊಂಡು ನಿಂತಿದ್ದೀರಲ್ಲ, ಇಬ್ಬರು ಆ ಕಡೆ ಹಿಡೀರಿ, ಇಬ್ಬರು ಈ ಕಡೆ."

ಹಿಡಿದೆವು. ಆಸ್ಪತ್ರೆಗೆ ಅದೇ ಜೀಪಿನಲ್ಲಿ ಹೋದೆವು. ಡಾಕ್ಟರು ಕೂಡ ಪಾದ ಉಳುಕಿದೆ ಅಂತಲೇ ಹೇಳಿ ಮೂರು ವಾರದ ಪಟ್ಟಿ ಕಟ್ಟಿದರು. ಕಣ್ಣಾಸ್ಪತ್ರೆಯಿಂದ ಹೆಂಡತಿ ಓಡಿಬಂದಳು. ಅಮ್ಮನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಸಕ್ಕರೆಯ ಕಥೆ ಕೇಳಿ ಅಮ್ಮನ ಮೇಲೆ ಕೂಗಾಡಿದಳು. ಆಮೇಲೆ ನಂಬರಿನ ಕಥೆ ಕೇಳಿದಳು. ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು.

ಎಲ್ಲರೂ ಹೆಡ್‌ಮೇಡಂಗೆ ಕೈ ಮುಗಿದರು. ನಾನೂ ಮುಗಿದೆ. ಅವರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಒಂದು ದಿನ ಆ ಫೋನು ಎತ್ತದೆ ಹೋಗಿದ್ದರೆ, ಅತ್ತೆ ಗಂಟೆಗಟ್ಟಲೆ ನೆಲದ ಮೇಲೆ ಇರಬೇಕಾಗುತ್ತಿತ್ತು. ಆದರೆ ಒಬ್ಬರಾದರೂ, ಒಬ್ಬರಾದರೂ, ಈ ವಿಷಯದ ಹಿಂದೆ ಬಿದ್ದು ಎರಡು ಕಂಪನಿಗೆ ಅಲೆದು ಠಾಣೆಗೆ ಹೋದವನು ಯಾರು ಅಂತ ಕೇಳಬೇಡವೇ? ನಾನು ಅವತ್ತು ಠಾಣೆಗೆ ಹೋಗಿರದಿದ್ದರೆ ಜೀಪು ಎಲ್ಲಿಂದ ಬರುತ್ತಿತ್ತು? ಇದನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ಎರಡು ಸಲ ಹೇಳಿದೆ. ಯಜಮಾನರು, "ಗೋದಾಮಿನ ವಿಷಯ ನಾಳೆ ಮಾತಾಡೋಣ" ಅಂದರು.

ಒಂದು ವಾರ ಬಿಟ್ಟು ನಾನು ಅಲಾರಂ ಕಂಪನಿಗೆ ಹೋದೆ. ಹೊಸ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದೆ. ಅದೇ ಅಧಿಕಾರಿ, ಅದೇ ಮರ್ಯಾದೆ.

"ನಂಬರ್ ಬದಲಾವಣೆ ಆಗಲೇ ಆಗಿದೆ ಸಾರ್. ಮನೆಯ ಮಾಲೀಕರೇ ಅರ್ಜಿ ಕಳಿಸಿದ್ದಾರೆ."

"ಮಾಲೀಕರಾ?"

"ಮನೆ ಅವರ ಹೆಸರಲ್ಲಿದೆಯಂತಲ್ಲ ಸಾರ್." ಅವನು ಕಡತ ತೆಗೆದ. ಅತ್ತೆಯ ಕೈಬರಹ. ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಏನೋ ಬರೆಯುತ್ತಿದ್ದಾಗ, ನೆಂಟರಿಗೆ ಕಾಗದವಿರಬೇಕು ಅಂದುಕೊಂಡಿದ್ದೆ. "ಮೊದಲ ಕರೆ, ಹೆಡ್‌ಮೇಡಂ. ಸಂಬಂಧ ಅನ್ನೋ ಕಡೆ ಮನೆಯವರು ಅಂತ ಬರೆದಿದ್ದಾರೆ. ಎರಡನೇದು, ಮಗಳು. ಮೂರನೇದು, ಹಿಂದಿನ ಮನೆಯವರು. ನಾಲ್ಕನೇದು, ಪೊಲೀಸ್ ಠಾಣೆ."

"ಐದನೇದು?"

"ನಾಲ್ಕೇ ಸಾರ್, ಪೆಟ್ಟಿಗೇಲಿ ಇರೋ ಜಾಗ."

ನನ್ನ ಮೈಯೆಲ್ಲಾ ಉರಿಯಿತು. ಇಪ್ಪತ್ತೆರಡು ವರ್ಷ ಊರಿನ ಬಾಗಿಲುಗಳಿಗೆಲ್ಲ ಬೀಗ ಕೊಟ್ಟವನಿಗೆ, ಸ್ವಂತ ಮನೆಯ ಬಾಗಿಲು ತೆರೆದ ಸುದ್ದಿ ತಿಳಿಯುವ ಹಕ್ಕಿಲ್ಲ! "ಅಂದ್ರೆ ನನ್ನ ಹೆಸರು ಈ ಅರ್ಜೀಲಿ ಎಲ್ಲೂ ಇಲ್ವಾ? ಸರಿಯಾಗಿ ನೋಡ್ರೀ!"

ಅವನು ಹಾಳೆ ತಿರುಗಿಸಿ ಹಿಂಭಾಗ ನೋಡಿದ. ಅಲ್ಲಿ ಅಚ್ಚಾದ ಒಂದು ಕಲಂ ಇತ್ತು. ಮನೆಯೊಳಗೆ ಓಡಾಡಿ ಸುಳ್ಳು ಎಚ್ಚರಿಕೆಗೆ ಕಾರಣವಾಗಬಹುದಾದ ಸಾಕುಪ್ರಾಣಿಗಳ ವಿವರ ಬರೆಯಿರಿ. ಅದರ ಮುಂದೆ ಅತ್ತೆಯ ದುಂಡು ಅಕ್ಷರದಲ್ಲಿ, ದಿನಾ ಒಂದು ಹತ್ತರಿಂದ ಎರಡು ನಲವತ್ತು, ಅಳಿಯ, ಅಂತಿತ್ತು.

ಅಧಿಕಾರಿ ಪೆನ್ನು ತೆಗೆದುಕೊಂಡು ಗಂಭೀರವಾಗಿ ನನ್ನ ಕಡೆ ನೋಡಿದ.

"ಹೆಸರು ಚೆನ್ನಾಗಿಟ್ಟಿದ್ದಾರೆ ಸಾರ್. ನಾಯಿನಾ, ಬೆಕ್ಕಾ? ಅದೊಂದು ತುಂಬಿಲ್ಲ ಇಲ್ಲಿ."

ನಾನು ಸಿಟ್ಟಿನಿಂದ ಹಲ್ಲು ಕಡಿದು ಗುರುಗುಟ್ಟಿದೆ. ಅವನು ತಲೆಯಾಡಿಸಿ, ನಾಯಿ ಅನ್ನುವುದರ ಮುಂದೆ ಗುರುತು ಹಾಕಿಕೊಂಡ.